ಹಳೆಯ ಟರ್ಬೊ ಕಾರುಗಳ ಮೂಲಶೋಧನೆ

ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದವನೊಬ್ಬ ಮೋಟಾರು ಕಾರಿನ ವಿಷಯವಾಗಿ ಮಾತನಾಡಲು ಹೊರಟರೆ ತಮಗೆ ಆಶ್ಚರ್ಯವಾದೀತು. ನನಗೆ ಕಾರು ನಡೆಸಲು ಬಾರದು. ಆದರೂ ಈ ವಿಷಯ ತಾನಾಗಿಯೇ ನನ್ನ ಮನೆಯ ಬಾಗಿಲಿಗೆ ಬಂತು.

ಒಂದು ಯುಗಾದಿಯ ಹೊತ್ತಿಗೆ ಬಗದಲಿನ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ. ಭಾಲ್ಕಿಯ ಕಡೆಯವನು, ಇಂಜಿನಿಯರನಾಗಿ ಜರ್ಮನಿಯಲ್ಲಿ ನೆಲೆಸಿದವನು. ಹೋಳಿಗೆ ಉಂಡು ಪಡಸಾಲೆಯಲ್ಲಿ ಕುಳಿತಾಗ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ. ಏಳೆಂಟು ವರ್ಷದ ಉಳಿತಾಯವನ್ನೆಲ್ಲ ಹಾಕಿ ಅವನು ಒಂದು ಹಳೆಯ ಕಾರು ಕೊಳ್ಳಬೇಕೆಂದಿದ್ದ. ಬಿಎಂಡಬ್ಲ್ಯು ಕಂಪನಿಯ 2002 ಟರ್ಬೊ ಎಂಬ ಕೆಂಪು ಬಣ್ಣದ ಕಾರು. ಇಂಥವು ತಯಾರಾದದ್ದೇ ಕೆಲವು, ಈ ಬಣ್ಣದ್ದಂತೂ ಜಗತ್ತಿಗೇ ಇದೊಂದೇ ಎಂದು ಮಾರುವವನು ಹೇಳಿದ್ದನಂತೆ. "ಕ್ಲಾಸಿನ್ಯಾಗ ನೀವೇ ಹೇಳ್ತಿದ್ರಿ ಸರ್, ಕವಿ ಬರೆದದ್ದು ಯಾವುದು, ಆಮ್ಯಾಲೆ ಯಾರೋ ಸೇರಿಸಿದ್ದು ಯಾವುದು ಅಂತ ಪರೀಕ್ಷೆ ಮಾಡಬೇಕಂತ. ಇದನ್ನ ಹ್ಯಾಂಗ ಪರೀಕ್ಷೆ ಮಾಡೋದು ಹೇಳ್ರಿ" ಎಂದ. ಅವನು ನಗುತ್ತ ಕೇಳಿದ ಪ್ರಶ್ನೆ ನನ್ನನ್ನು ಹಲವು ತಿಂಗಳು ಓದಿಗೆ ಹಚ್ಚಿತು.

ಮೊದಲು ಟರ್ಬೊ ಎಂದರೇನೆಂದು ಹೇಳಬೇಕು. ನಮ್ಮ ಊರುಗಳ ಕುಲುಮೆಯಲ್ಲಿ ಕಮ್ಮಾರನು ತಿದಿ ಒತ್ತಿದಷ್ಟೂ ಕೆಂಡ ಉರಿಯುತ್ತದೆ. ಗಾಳಿ ಹೆಚ್ಚಿದರೆ ಶಾಖ ಹೆಚ್ಚು. ಇಂಜಿನ್ನಿನಲ್ಲಿಯೂ ಹೀಗೆಯೇ. ಒಳಕ್ಕೆ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿದು ಬಲ ಬೆಳೆಯುತ್ತದೆ. ಈ ತಿದಿಯನ್ನು ಒತ್ತುವವರಾರು? ಇಂಜಿನ್ನು ಹೊರಗೆ ಬಿಡುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಮೇಲಿರುವ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ವ್ಯರ್ಥವಾಗುತ್ತಿದ್ದ ಹೊಗೆಯಿಂದ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರನು 1905ರಲ್ಲಿ ಪೇಟೆಂಟ್ ಪಡೆದ. ಜನ ಕೊಳ್ಳುವ ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಇಂದು ಸಣ್ಣ ಕಾರುಗಳಲ್ಲಿಯೂ ಟರ್ಬೊ ಉಂಟು. ಆದರೆ ಆ ಮೊದಲ ಕಾಲದ ಕ್ರೀಡಾ ಕಾರುಗಳು ಪ್ರಯೋಗದ ಕೂಸುಗಳು. ಆದುದರಿಂದಲೇ ಅವುಗಳಿಗೆ ಇಂದು ಅಷ್ಟು ಬೆಲೆ.

ಬೆಲೆ ನಿಂತಿರುವುದು ವಿರಳತೆಯ ಮೇಲೆ. ಈ ವಿರಳತೆ ಎಂಬ ಒಂದೇ ಮಾತಿನಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ತಯಾರಾದದ್ದು ಎಷ್ಟು? ಉಳಿದದ್ದು ಎಷ್ಟು? ಉಳಿದುದರಲ್ಲಿ ಹುಟ್ಟಿದ ರೂಪದಲ್ಲಿಯೇ ಇರುವುದು ಎಷ್ಟು? ಮಾರುವವರು ಮೊದಲನೆಯ ಪ್ರಶ್ನೆಯ ಉತ್ತರವನ್ನು ಕೊಟ್ಟು ಮೂರನೆಯದರ ಬೆಲೆಯನ್ನು ಕೇಳುತ್ತಾರೆ. ಮೋಸ ನಡೆಯುವುದು ಈ ಸಂದಿನಲ್ಲಿ.

ಸಾಹಿತ್ಯದ ಓದುಗರಿಗೆ ಇದು ಹೊಸದಲ್ಲ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ನಾವೆಲ್ಲ ಓದಿದ್ದೇವೆ. ಆದರೆ ಕಾವ್ಯ ನಮಗೆ ತಲುಪಿದ್ದು ಬಹುಕಾಲದ ಅನಂತರ ಬರೆದ ಪ್ರತಿಗಳಿಂದ. ನಮ್ಮ ಬೀದರದಲ್ಲಿಯೇ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಇಂದು ಅಲ್ಲಿ ನಿಂತಿರುವುದು ಗೋಡೆ, ಮಿನಾರು ಮತ್ತು ಬಣ್ಣದ ಹಂಚುಗಳು ಮಾತ್ರ. ಎಷ್ಟು ಹುಟ್ಟಿತು ಎಂಬುದು ಎಷ್ಟು ಉಳಿಯಿತು ಎಂಬುದಕ್ಕೆ ಎಂದೂ ಪ್ರಮಾಣವಾಗಲಾರದು.

ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಇದಕ್ಕೆ ಒಳ್ಳೆಯ ಉದಾಹರಣೆ. 1962ರಲ್ಲಿ 3,765, ಮರುವರ್ಷ 5,842, ಒಟ್ಟು 9,607 ಕಾರುಗಳು ತಯಾರಾದವು. ವಿರಳವೆನ್ನುವಂಥ ಸಂಖ್ಯೆಯಲ್ಲ. ಆದರೆ ಅದರ ಇಂಜಿನ್ನಿಗೆ ಒಂದು ಪಥ್ಯವಿತ್ತು. ಒತ್ತಡದ ಗಾಳಿಯಿಂದ ಇಂಧನವು ಅಕಾಲದಲ್ಲಿ ಸಿಡಿಯದಂತೆ ಶುದ್ಧ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಂದು ತೊಟ್ಟಿಯಲ್ಲಿ ಆಗಾಗ ತುಂಬಬೇಕಾಗಿತ್ತು. ಕೊಂಡವರು ಅದನ್ನು ಮರೆತರು. ದ್ರವ ಮುಗಿದೊಡನೆ ಬಲ ಕುಗ್ಗಿತು, ದೂರುಗಳು ಬಂದವು. ಕೆಲವೇ ವರ್ಷಗಳಲ್ಲಿ ಕಂಪನಿಯೇ ಅನೇಕ ಕಾರುಗಳಿಂದ ಟರ್ಬೊವನ್ನು ಕಳಚಿ, ಸಾಮಾನ್ಯ ಕಾರ್ಬ್ಯುರೇಟರ್ ಜೋಡಿಸಿಕೊಟ್ಟಿತು. ಹೆಸರು ಉಳಿಯಿತು, ಒಳಗಿನ ಪಾಠ ಬದಲಾಯಿತು! ಟರ್ಬೊ ಇರುವ ಜೆಟ್‌ಫೈರ್ ಇಂದು ದುರ್ಲಭವಾದದ್ದು ಹೀಗೆ. ತಯಾರಿಕೆಯ ಪಟ್ಟಿಯನ್ನಷ್ಟೇ ನೋಡಿದವರಿಗೆ ಈ ಕಥೆ ತಿಳಿಯುವುದಿಲ್ಲ.

ಪ್ರಕಟಣೆಯಲ್ಲಿ ಹೇಳಿದ ಸಂಖ್ಯೆಯೂ ತಯಾರಿಕೆಯ ಸಂಖ್ಯೆಯೂ ಒಂದೇ ಎಂದು ತಿಳಿಯಬಾರದು. 1987ರಲ್ಲಿ ಫೆರಾರಿ ಕಂಪನಿ ಎಫ್40 ಎಂಬ ಎರಡು ಟರ್ಬೊಗಳ ಕಾರನ್ನು ತಂದಾಗ ಎಣಿಕೆ ಇದ್ದದ್ದು ಸುಮಾರು 400. ಬೇಡಿಕೆ ಕಂಡು ತಯಾರಾದದ್ದು 1,300ಕ್ಕೂ ಮೇಲೆ. ವರ್ಷದ ಲೆಕ್ಕವೂ ತೊಡಕಿನದು. ಅಮೆರಿಕದಲ್ಲಿ ಒಂದು ವರ್ಷದ ಮಾದರಿ ಎಂದು ಕರೆಯುವ ಕಾರು ಹಿಂದಿನ ವರ್ಷದ ಶರತ್ಕಾಲದಲ್ಲಿಯೇ ಮಾರಾಟಕ್ಕೆ ಬರುವುದುಂಟು. ಶಾಸನದ ಶಕವರ್ಷವನ್ನು ಕ್ರಿಸ್ತಶಕವೆಂದು ಓದಿದರೆ 78 ವರ್ಷ ತಪ್ಪುವಂತೆ, ಇಲ್ಲಿಯೂ ಯಾವ ವರ್ಷವೆಂದು ತಿಳಿಯದೆ ಕೂಡಿದರೆ ಮೊತ್ತ ಕೆಡುತ್ತದೆ.

ಹಾಗಾದರೆ ಯಾರ ಮಾತನ್ನು ನಂಬುವುದು? ಸಾಕ್ಷಿಗಳಲ್ಲಿ ತರತಮವುಂಟು. ಕಾರ್ಖಾನೆಯ ದಫ್ತರು ಮೊದಲನೆಯದು. ಕಾರಿನ ಲೋಹದಲ್ಲಿಯೇ ಒತ್ತಿರುವ ಚಾಸಿಸ್ ಸಂಖ್ಯೆ ಎರಡನೆಯದು. ಓಲೆಯ ಕೊನೆಯಲ್ಲಿ ಲಿಪಿಕಾರ ಬರೆದಿಟ್ಟ ಪುಷ್ಪಿಕೆ ಇದ್ದಂತೆ. ಆ ಕಾಲದ ಮಾರಾಟದ ಕರಪತ್ರ, ಪತ್ರಿಕೆಗಳ ಪರೀಕ್ಷಾ ವರದಿ, ನೋಂದಣಿಯ ಕಾಗದಗಳು ಆಮೇಲಿನವು. ಉಳಿದವುಗಳ ಎಣಿಕೆಗೆ ಮಾಲೀಕರ ಸಂಘಗಳು ಇಟ್ಟ ಪಟ್ಟಿ ಬೇಕು. ಮಾರುವವನ ಮಾತು ಕಟ್ಟಕಡೆಗೆ. ಹತ್ತು ಪುಸ್ತಕಗಳು ಒಂದೇ ಸಂಖ್ಯೆಯನ್ನು ಹೇಳಿದರೂ ಒಂಬತ್ತು ಪುಸ್ತಕಗಳು ಹತ್ತನೆಯದನ್ನು ನೋಡಿ ಬರೆದಿದ್ದರೆ ಸಾಕ್ಷಿ ಒಂದೇ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆ ಪ್ರತಿಗಳನ್ನು ಎಣಿಸುವುದಕ್ಕಿಂತ ತೂಗಬೇಕೆಂಬ ಈ ವಿವೇಕ ಪರಿಚಿತವೇ.

ನನ್ನ ಶಿಷ್ಯನ ಕಾರಿಗೆ ಇದನ್ನು ಅನ್ವಯಿಸಿ ನೋಡೋಣ. 2002 ಟರ್ಬೊ ಲೋಕಕ್ಕೆ ಮುಖ ತೋರಿಸಿದ್ದು 1973ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ. ಮುಂದೆ ಹೋಗುವವನು ತನ್ನ ಕನ್ನಡಿಯಲ್ಲಿ ಓದಿ ದಾರಿ ಬಿಡಲೆಂದು ಅದರ ಮುಂಭಾಗದಲ್ಲಿ 'ಟರ್ಬೊ' ಎಂದು ತಿರುಗುಮುರುಗಾಗಿ ಬರೆದಿದ್ದರು. ಈ ದರ್ಪಕ್ಕೆ ಜರ್ಮನಿಯಲ್ಲಿ ಟೀಕೆ ಎದ್ದಿತು. ಕೆಲವೇ ವಾರಗಳಲ್ಲಿ, ಅಕ್ಟೋಬರ್ ತಿಂಗಳಿನಲ್ಲಿ, ತೈಲದ ಬಿಕ್ಕಟ್ಟು ಜಗತ್ತಿಗೇ ಬಂದೆರಗಿತು. ಪೆಟ್ರೋಲಿಗೆ ಬರ ಬಂದಾಗ 170 ಅಶ್ವಶಕ್ತಿಯ ಪುಟ್ಟ ಕಾರು ಯಾರಿಗೆ ಬೇಕು? 1975ರ ಹೊತ್ತಿಗೆ ತಯಾರಿಕೆ ನಿಂತಿತು. ಚಾಸಿಸ್ ಸಂಖ್ಯೆ 4290001ರಿಂದ 4291672ರವರೆಗೆ. ಎಣಿಸಿದರೆ 1,672 ಕಾರುಗಳು. ಕಂಪನಿ ಹೇಳುವ ಮೊತ್ತವೂ ಅದೇ. ದಫ್ತರೂ ಪುಷ್ಪಿಕೆಯೂ ಇಲ್ಲಿ ಒಂದೇ ಮಾತು ಹೇಳುತ್ತವೆ.

ಸಾಧಾರಣ 2002 ಕಾರಿಗೆ ಅಗಲವಾದ ಚಕ್ರದ ಕವಚಗಳನ್ನು ಅಂಟಿಸಿ ಟರ್ಬೊ ಎಂದು ತೋರಿಸುವುದು ಕಷ್ಟವಲ್ಲ. ಆದ್ದರಿಂದ ಮೊದಲು ಚಾಸಿಸ್ ಸಂಖ್ಯೆ ಈ ಸಾಲಿನಲ್ಲಿದೆಯೇ ಎಂದು ನೋಡಬೇಕು. ಅನಂತರ ಇಂಜಿನ್ನಿನ ಸಂಖ್ಯೆ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಕೊನೆಗೆ ಕಂಪನಿಯ ದಫ್ತರಿಗೆ ಬರೆದು ಆ ಸಂಖ್ಯೆಯ ಕಾರು ಯಾವ ದಿನ, ಯಾವ ಬಣ್ಣದಲ್ಲಿ ಹೊರಬಿತ್ತೆಂದು ಕೇಳಬೇಕು. ಹುಡುಗ ಮೂರನ್ನೂ ಮಾಡಿದ. ಎರಡು ಸಂಖ್ಯೆಗಳೂ ಸರಿಯಾಗಿದ್ದವು. ಆದರೆ ಬೆಳ್ಳಿಯ ಬಣ್ಣದ ಕಾರಾಗಿ ಅದು ಕಾರ್ಖಾನೆಯಿಂದ ಹೊರಟಿತ್ತೆಂದು ದಫ್ತರಿನ ಪತ್ರ ಬಂತು. ಜಗತ್ತಿಗೊಂದೇ ಎಂದ ಕೆಂಪು ಬಣ್ಣ ಯಾವುದೋ ಗ್ಯಾರೇಜಿನಲ್ಲಿ ಬಳಿದದ್ದು.

ಇಂಥ ಪತ್ರ ನಮ್ಮಲ್ಲಿ ದೊರೆಯುವುದೇ ಎಂದು ಯೋಚಿಸಿದಾಗ ನನಗೆ ಡಾಲ್ಫಿನ್ ನೆನಪಾಯಿತು. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಹೊರತಂದ ಕಾರದು. ಟರ್ಬೊ ಅದಕ್ಕಿರಲಿಲ್ಲ, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿ, 848 ಸಿಸಿ ಇಂಜಿನ್ನು, ಫೈಬರ್ ಗಾಜಿನ ಹಗುರ ಮೈ. ಈ ಹಗುರತನಕ್ಕಾಗಿಯೇ ರ‍್ಯಾಲಿ ಓಡಿಸುವವರು ಅದನ್ನು ಮೆಚ್ಚಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ಪೇಟೆ ಅದರ ಕೈತಪ್ಪಿತು. ಸ್ಪರ್ಧೆಗಾಗಿ ಬಿಚ್ಚಿ ಜೋಡಿಸಿದವು ಕೆಲವು, ಬಿಡಿಭಾಗ ಸಿಗದೆ ಹಿತ್ತಿಲಲ್ಲಿ ನಿಂತವು ಕೆಲವು, ಗುಜರಿ ಅಂಗಡಿಯ ಪಾಲಾದವು ಕೆಲವು. ಕರ್ನಾಟಕದ ನೆಲದಲ್ಲಿ ಹುಟ್ಟಿದ ಕಾರಿನ ಚರಿತ್ರೆ ಬರೆಯಹೊರಡುವವನಿಗೆ ಬೇಕಾದ ಸಾಮಗ್ರಿ ಯಾವುದು? ಅಜ್ಜನ ಪೆಟ್ಟಿಗೆಯಲ್ಲಿರುವ ಆರ್‌ಸಿ ಪುಸ್ತಕ, ಮಾರಾಟದ ರಸೀದಿ, ಕಾರಿನ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಫೋಟೋ. ವಾಹನವನ್ನು ಗುಜರಿಗೆ ಹಾಕುವಾಗ ನಾವು ಕಾಗದವನ್ನೂ ಅದರೊಡನೆ ಹಾಕಿಬಿಡುತ್ತೇವೆ. ಓಲೆಗರಿಗಳನ್ನು ಹೊಳೆಗೆ ಬಿಟ್ಟ ನಮ್ಮ ಹಿರಿಯರನ್ನು ಹಳಿಯುವ ಹಕ್ಕು ನಮಗೆಲ್ಲಿದೆ?

ಶಿಷ್ಯನು ಆ ಕಾರನ್ನು ಕೊಂಡನೇ ಎಂದು ತಾವು ಕೇಳಬಹುದು. ಕೊಂಡ. ಪತ್ರವನ್ನು ಮುಂದಿಟ್ಟು, ಬಣ್ಣ ಬದಲಾದ ಕಾರಿಗೆ ಸಲ್ಲುವ ಬೆಲೆಯನ್ನು ಮಾತ್ರ ಕೊಟ್ಟು ಕೊಂಡ. ಮತ್ತೆ ಬೆಳ್ಳಿಯ ಬಣ್ಣ ಬಳಿಸಲೇ ಎಂದು ಫೋನಿನಲ್ಲಿ ನನ್ನನ್ನು ಕೇಳಿದ. ಅದು ನಿನ್ನ ಇಷ್ಟ ಎಂದೆ. ಪಾಠಾಂತರವೂ ಚರಿತ್ರೆಯ ಭಾಗವೇ. ಅದನ್ನು ಮೂಲಪಾಠವೆಂದು ಮಾರುವುದು ಮಾತ್ರ ತಪ್ಪು. ಕೆಂಪಾಗಿಯೇ ಇರಲೆಂದು ಅವನು ತೀರ್ಮಾನಿಸಿದ. ದಫ್ತರಿನ ಪತ್ರವನ್ನು ಕಾರಿನಲ್ಲಿಯೇ ಇಟ್ಟಿದ್ದಾನಂತೆ, ಮುಂದೆ ಕೊಳ್ಳುವವನು ಓದಲೆಂದು.