ಡ್ರಮ್ಮರ್ ಸತ್ತ ಮೇಲೆ ಡ್ರಮ್ ಬಾರಿಸೋದು ಯಾರು?

ಮಾರ್ಚ್ 25, 2022. ಕೊಲಂಬಿಯಾದ ಬೊಗೊಟಾದಲ್ಲಿ ಫೂ ಫೈಟರ್ಸ್ ಬ್ಯಾಂಡಿನ ಶೋ ಇತ್ತು. ವೇದಿಕೆ ಹತ್ತುವ ಮೊದಲೇ ಡ್ರಮ್ಮರ್ ಟೇಲರ್ ಹಾಕಿನ್ಸ್ ತೀರಿಕೊಂಡ. ವಯಸ್ಸು 50. ಅದೇ ವರ್ಷ ಗಾಯಕ ಡೇವ್ ಗ್ರೋಲ್‌ನ ತಾಯಿ ವರ್ಜೀನಿಯಾ ಕೂಡ ಹೋದರು. ಈ ಎರಡು ಸಾವುಗಳಿಂದ ಹುಟ್ಟಿದ ಆಲ್ಬಂ 'ಬಟ್ ಹಿಯರ್ ವಿ ಆರ್' 2023ರ ಜೂನ್ 2ರಂದು ಬಂತು.

ಹತ್ತು ಹಾಡು. ಅಷ್ಟಕ್ಕೂ ಡ್ರಮ್ ಬಾರಿಸಿದ್ದು ಗ್ರೋಲ್. ಈ ಒಂದು ವಿವರದಲ್ಲೇ ಆಲ್ಬಂ ಅರ್ಧ ಅರ್ಥವಾಗುತ್ತೆ. ಗ್ರೋಲ್ ಮೂಲತಃ ಡ್ರಮ್ಮರ್, ನಿರ್ವಾಣ ಬ್ಯಾಂಡಿನವನು. 1994ರಲ್ಲಿ ಕರ್ಟ್ ಕೋಬೇನ್ ಸತ್ತು ಬ್ಯಾಂಡ್ ಮುಗಿದಾಗ, ಹೆಚ್ಚುಕಮ್ಮಿ ಒಬ್ಬನೇ ಎಲ್ಲ ವಾದ್ಯ ನುಡಿಸಿ ಫೂ ಫೈಟರ್ಸ್‌ನ ಮೊದಲ ಆಲ್ಬಂ ಮಾಡಿದ್ದ. ಮೂವತ್ತು ವರ್ಷ ಆಗುವ ಹೊತ್ತಿಗೆ ಗೆಳೆಯನ ಖಾಲಿ ಸ್ಟೂಲಿನ ಮೇಲೆ ಮತ್ತೆ ಅವನೇ ಕೂತ. ಹತ್ತು ನಿಮಿಷದ 'ದಿ ಟೀಚರ್' ತಾಯಿಗಾಗಿ, ಆಕೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದವರು. ಒಂದು ರಾಕ್ ಹಾಡಿಗೆ ಹತ್ತು ನಿಮಿಷ ಜಾಸ್ತಿ ಆಯ್ತು ಅನ್ನಿಸಬಹುದು. ದುಃಖ ಮೂರೂವರೆ ನಿಮಿಷಕ್ಕೆ ಮುಗಿಯಲ್ಲ ಅನ್ನೋದು ಕೇಳುತ್ತಾ ಕೇಳುತ್ತಾ ಗೊತ್ತಾಗುತ್ತೆ.

ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಇಂಥ ಆಲ್ಬಂಗಳಿಗೆ ಕೇಳುಗರಿಗೇನೂ ಬರವಿಲ್ಲ. ಇಯರ್‌ಫೋನ್ ಹಾಕಿದರೆ ಮುಗೀತು, ಪಕ್ಕದ ಮಂಚದವನಿಗೂ ಗೊತ್ತಾಗಲ್ಲ. ಅಲ್ಲಿಂದ ಅರ್ಧ ಗಂಟೆಯ ಬಸ್ ದಾರಿ ಹಿರಿಯಡ್ಕ. ಅಲ್ಲಿ, ಹಾಗೇ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ, ಹುಣ್ಣಿಮೆ ರಾತ್ರಿ ಸಿರಿ ಜಾತ್ರೆ ನಡೆಯುತ್ತೆ. ಕೈಯಲ್ಲಿ ಹಿಂಗಾರ ಹಿಡಿದ ನೂರಾರು ಹೆಂಗಸರು ನಡುಗುತ್ತಾ, ಹಾಡುತ್ತಾ, ಅಳುತ್ತಾ ಸಿರಿಯಾಗುತ್ತಾರೆ. ಒಂದು ಗುಂಪು ಇದನ್ನು ಭಕ್ತಿ ಅನ್ನುತ್ತೆ, ಇನ್ನೊಂದು ಮೂಢನಂಬಿಕೆ ಅನ್ನುತ್ತೆ. ಇಬ್ಬರೂ ಕತೆ ಕೇಳಿರೋದು ಕಮ್ಮಿ.

ಕತೆ ಇಷ್ಟು. ಸೀಮಂತಕ್ಕೆಂದು ತಂದ ಸೀರೆಯನ್ನು ಗಂಡ ಮೊದಲು ಇನ್ನೊಬ್ಬಳಿಗೆ ಉಡಿಸಿ ತರುತ್ತಾನೆ. ಸಿರಿ ಅದನ್ನು ಮುಟ್ಟಲ್ಲ. ಸಾಕಿದ ಅಜ್ಜ ಸಾಯುತ್ತಾನೆ, ಆಸ್ತಿ ಕೈತಪ್ಪುತ್ತೆ, ಸಿರಿ ತಾನೇ ಗಂಡನಿಂದ ಬಿಡುಗಡೆ ಪಡೆದು ಮಗ ಕುಮಾರನೊಂದಿಗೆ ಹೊರಡುತ್ತಾಳೆ. ಮುಂದೆ ಇನ್ನೊಂದು ಮದುವೆ, ಮಗಳು ಸೊನ್ನೆಯ ಹೆರಿಗೆಯಲ್ಲಿ ಸಾವು. ಸೊನ್ನೆಯ ಅವಳಿ ಮಕ್ಕಳು ಅಬ್ಬಗ–ದಾರಗ ಚೆನ್ನೆ ಆಡುತ್ತಾ ಜಗಳಕ್ಕೆ ಬೀಳುತ್ತಾರೆ, ಒಬ್ಬಳು ಚೆನ್ನೆಮಣೆಯಲ್ಲಿ ಹೊಡೆಯುತ್ತಾಳೆ, ಇಬ್ಬರೂ ಉಳಿಯಲ್ಲ. ಅಕ್ಕತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ಉಡುಪಿ ಕಡೆಯ ಅಜ್ಜಿಯರು ಇವತ್ತಿಗೂ ಗದರೋದು ಇದಕ್ಕೇ. ಮಚ್ಚಾರಿನ ಗೋಪಾಲ ನಾಯ್ಕರು ಹಾಡಿದ ಈ ಪಾಡ್ದನವನ್ನು ಫಿನ್‌ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ 1990ರಲ್ಲಿ ದಾಖಲಿಸಿದರು. 1998ರಲ್ಲಿ ಅದು ಪುಸ್ತಕವಾದಾಗ ಲೆಕ್ಕ ಸಿಕ್ಕಿದ್ದು 15,683 ಸಾಲು. 'ದಿ ಟೀಚರ್' ಉದ್ದ ಅಂದವರು ಇದನ್ನೂ ನೋಡಬಹುದು.

ಎರಡೂ ಕೆಲಸ ಮಾಡುವ ರೀತಿ ಬೇರೆ. ಆಲ್ಬಂನಲ್ಲಿ ಗ್ರೋಲ್ ಅಳುತ್ತಾನೆ, ನಾವು ಕೇಳುತ್ತೇವೆ, ನಮ್ಮ ಸಾವುಗಳನ್ನು ಅವನ ದನಿಗೆ ಅಂಟಿಸಿಕೊಳ್ಳುತ್ತೇವೆ. ಜಾತ್ರೆಯಲ್ಲಿ ಕೇಳುಗಳು ಅನ್ನೋ ಸ್ಥಾನವೇ ಇಲ್ಲ. ಮನೆಯಲ್ಲಿ ಗಂಡನ ಎದುರು ಬಾಯಿ ಬಿಡದವಳು ಇಲ್ಲಿ ಸಿರಿಯಾಗಿ, ಸೊನ್ನೆಯಾಗಿ ಎಲ್ಲರ ಮುಂದೆ ಮಾತಾಡುತ್ತಾಳೆ. ಅವಳ ಸಂಕಟಕ್ಕೆ ಕತೆಯಲ್ಲಿ ಮೊದಲೇ ಒಂದು ಜಾಗ ಇದೆ, ಅಕ್ಕಪಕ್ಕದಲ್ಲಿ ಅದೇ ಜಾಗದಲ್ಲಿ ನಿಂತ ಬೇರೆ ಹೆಂಗಸರಿದ್ದಾರೆ.

ಹಾಗಂತ ಜಾತ್ರೆಯನ್ನು ಸ್ತ್ರೀವಾದಿ ಸಮಾವೇಶ ಅಂತ ಬರೆಯೋದು ನನಗೆ ಒಪ್ಪಿಗೆ ಇಲ್ಲ. ಮೈಮೇಲೆ ಬಂದವಳನ್ನು ಪ್ರಶ್ನೆ ಮಾಡೋದು ಕುಮಾರ, ಅಂದರೆ ಗಂಡಸು. ಯಾರು ನೀನು, ಯಾಕೆ ಬಂದೆ, ಏನಾಗಬೇಕು? ಉತ್ತರ ಸರಿಯೋ ಅಲ್ಲವೋ ತೂಗುವವನೂ ಅವನೇ. ಬೆಳಿಗ್ಗೆ ಅವಳು ಹಿಂದಿರುಗೋದು ಅದೇ ಮನೆಗೆ. ಅಳುವುದಕ್ಕೆ ಒಂದು ರಾತ್ರಿಯ ಅನುಮತಿ ಕೊಡುವ ವ್ಯವಸ್ಥೆ, ಅಳಿಸಿದ ಕಾರಣವನ್ನು ಮುಟ್ಟಬೇಕೆಂದೇನಿಲ್ಲ. ರಾಕ್‌ಗೂ ಇದೇ ಕಾಯಿಲೆ ಬೇರೆ ರೂಪದಲ್ಲಿದೆ: ಗಂಡಸರು ಅಳಬಹುದು, ಗಿಟಾರ್ ಜೋರಾಗಿದ್ದರೆ.

ಇವೆರಡೂ ಎಟುಕದ ದುಃಖ ಕರಾವಳಿಯಲ್ಲೇ ಇದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯಿತು. ಜನವರಿಯಲ್ಲಿ ಮೀನುಗಾರರು ಬೀದಿಗಿಳಿದು ಹೆದ್ದಾರಿ ತಡೆದರು. ನೌಕಾಪಡೆಗೆ ಮಹಾರಾಷ್ಟ್ರದ ಕಡಲಲ್ಲಿ ಬೋಟಿನ ಅವಶೇಷ ಸಿಕ್ಕಿದ್ದು ಮೇ 2019ರಲ್ಲಿ. ಗ್ರೋಲ್‌ಗೆ ಸಾವಿನ ತಾರೀಖು ಗೊತ್ತಿತ್ತು, ಪಾಡ್ದನ ಹಾಡುವವರಿಗೆ ಸಿರಿ ಎಲ್ಲಿ ಸತ್ತಳು ಅಂತ ಗೊತ್ತು. ಈ ಏಳು ಮನೆಗಳವರು ಐದು ತಿಂಗಳು ಅಳಬೇಕೋ ಕಾಯಬೇಕೋ ತಿಳಿಯದೆ, ಪ್ರತಿ ಸಲ ಫೋನ್ ರಿಂಗ್ ಆದಾಗಲೂ ಎದ್ದು ಓಡಬೇಕಾಯಿತು.