ಎಪ್ಪತ್ತರ ರಸ್ತೆ, ನಲವತ್ತರ ತಿರುವು

ಕೇರಳದ ವಯನಾಡಿನ ಪುಲ್ಪಳ್ಳಿ ಪೇಟೆಯಿಂದ ಪೆರಿಕ್ಕಲ್ಲೂರಿಗೆ ಹೊರಟ ಬಾಡಿಗೆ ಜೀಪು. ಮುಂದಿನ ಸೀಟಿನಲ್ಲಿ ಡ್ರೈವರನ್ನೂ ಸೇರಿಸಿ ನಾಲ್ಕು ಮಂದಿ. ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಕೇಬಲ್ ಕಿತ್ತುಹೋಗಿ ವರ್ಷಗಳೇ ಆದವಂತೆ.

‘ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೀವಿ ಅಂತ ಹೇಗೆ ಗೊತ್ತಾಗುತ್ತೆ ಚೇಟ್ಟಾ?’ ಎಂದೆ.

ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾ ಕನ್ನಡ ಕಲಿತ ಮನುಷ್ಯ ಆತ. ‘ಥರ್ಡ್ ಗೇರ್ ಎಷ್ಟು ತಗೊಳ್ತದೋ ಅಷ್ಟು, ಸಾರ್’ ಎಂದ.

ಕೇರಳ ಸರ್ಕಾರದ ಲೆಕ್ಕ ಬೇರೆ. 2023ರ ಜುಲೈ 1ರಿಂದ ಅಲ್ಲಿ ಜಾರಿಗೆ ಬಂದ ಪರಿಷ್ಕೃತ ಪಟ್ಟಿಯಲ್ಲಿ ಕಾರಿನಂಥ ಸಣ್ಣ ವಾಹನಗಳಿಗೆ ಆರು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರ್, ನಾಲ್ಕು ಪಥದ್ದರಲ್ಲಿ 100. ಉಳಿದ ರಾಷ್ಟ್ರೀಯ ಹೆದ್ದಾರಿ, ಎಂ.ಸಿ. ರೋಡು ಮತ್ತು ನಾಲ್ಕು ಪಥದ ರಾಜ್ಯ ಹೆದ್ದಾರಿಗಳಿಗೆ 90, ಬೇರೆ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯರಸ್ತೆಗಳಿಗೆ 80, ನಗರದೊಳಗೆ 50. ಇದ್ಯಾವುದಕ್ಕೂ ಸೇರದೆ ಮಿಕ್ಕಿದ್ದಕ್ಕೆಲ್ಲ ‘ಇತರ ರಸ್ತೆ’ ಎಂಬ ಒಂದೇ ಹೆಸರು, 70ರ ಮಿತಿ. ಪುಲ್ಪಳ್ಳಿಯ ಸುತ್ತಲಿನ ಹಾದಿಗಳಲ್ಲಿ ಹೆಚ್ಚಿನವು ಹೀಗೆ ಮಿಕ್ಕವೇ. ಕಾಳುಮೆಣಸಿನ ತೋಟಗಳ ನಡುವೆ ಎರಡು ಜೀಪು ಎದುರಾದರೆ ಒಂದು ಚರಂಡಿಗೆ ಗಾಲಿ ಇಳಿಸಬೇಕಾದ ಪಂಚಾಯತಿ ರಸ್ತೆಯೂ ಆ 70ರ ಸಾಲಿನಲ್ಲೇ ಕೂತಿದೆ. ನಮ್ಮ ಜೀಪಿನವನು ಕಾನೂನನ್ನು ಮುರಿಯಬೇಕೆಂದು ಹಟ ಹಿಡಿದರೂ ಅಲ್ಲಿ ಮುರಿಯಲಾರ.

ರಸ್ತೆಗಳನ್ನು ಹೀಗೆ ದರ್ಜೆ ಕಟ್ಟಿ ಕೂರಿಸಿದ್ದು ವೇಗಕ್ಕಾಗಿ ಅಲ್ಲ. ಜಯಕರ್ ಸಮಿತಿಯ ಶಿಫಾರಸಿನ ಫಲವಾಗಿ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ಹುಟ್ಟಿತು. 1943ರಲ್ಲಿ ಪ್ರಾಂತಗಳ ಮುಖ್ಯ ಎಂಜಿನಿಯರುಗಳು ನಾಗಪುರದಲ್ಲಿ ಸೇರಿ ಯುದ್ಧಾನಂತರದ ರಸ್ತೆ ಯೋಜನೆ ಬರೆದರು. ರಾಷ್ಟ್ರೀಯ ಹೆದ್ದಾರಿ, ಪ್ರಾಂತೀಯ ಹೆದ್ದಾರಿ, ಜಿಲ್ಲಾ ರಸ್ತೆ, ಹಳ್ಳಿ ರಸ್ತೆ ಎಂಬ ವಿಂಗಡಣೆ ಗಟ್ಟಿಯಾದದ್ದು ಅಲ್ಲಿ. ಅವರ ಮುಂದಿದ್ದ ಪ್ರಶ್ನೆ ಸರಳ: ಯಾವ ರಸ್ತೆಗೆ ಯಾರು ದುಡ್ಡು ಕೊಡಬೇಕು, ಯಾರು ನೋಡಿಕೊಳ್ಳಬೇಕು? ಅಂದರೆ ರಸ್ತೆಯ ದರ್ಜೆ ಮೂಲದಲ್ಲಿ ಅದರ ಒಡೆಯನ ಹೆಸರು. ಪಹಣಿಯಲ್ಲಿ ಹೊಲದ ಮುಂದೆ ಬರೆದ ಹೆಸರಿನ ಹಾಗೆ. ಆ ಹೆಸರಿನಿಂದ ಮಣ್ಣು ಎರೆಯೋ ಮರಳೋ ಎಂಬುದು ಗೊತ್ತಾಗುವುದಿಲ್ಲ.

ಎಂಜಿನಿಯರುಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಅದೇ ರೋಡ್ಸ್ ಕಾಂಗ್ರೆಸ್ 1980ರಲ್ಲಿ ಹಳ್ಳಿಗಾಡಿನ ಹೆದ್ದಾರಿಗಳಿಗೆಂದು ಹೊರಡಿಸಿದ ಐಆರ್‌ಸಿ 73 ಎಂಬ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ. ನನ್ನ ಮಟ್ಟಿಗೆ ಭಾರತದ ರಸ್ತೆಗಳ ಬಗ್ಗೆ ಬರೆದಿರುವ ಅತ್ಯಂತ ಪ್ರಾಮಾಣಿಕ ಪುಟ ಅದು. ಅಡ್ಡಸಾಲಿನಲ್ಲಿ ರಸ್ತೆಯ ದರ್ಜೆ, ಉದ್ದಸಾಲಿನಲ್ಲಿ ನೆಲದ ಏರಿಳಿತ. ಬಯಲಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ವಿನ್ಯಾಸ ವೇಗ 100. ಅದೇ ಹೆದ್ದಾರಿ ಗುಡ್ಡಗಾಡಿಗೆ ಬಂದರೆ 50, ಕಡಿದಾದ ಬೆಟ್ಟ ಹತ್ತಿದರೆ 40. ಉಬ್ಬುತಗ್ಗಿನ ನೆಲದಲ್ಲಿ ಜಿಲ್ಲೆಯ ಇತರ ರಸ್ತೆಗೆ 50, ಕನಿಷ್ಠ 40. ಹಳ್ಳಿ ರಸ್ತೆಗೆ 40, ಕನಿಷ್ಠ 35. ಪುಲ್ಪಳ್ಳಿಯದು ದೊಡ್ಡ ಬೆಟ್ಟಗಳ ಸೀಮೆಯಲ್ಲ. ಕಬಿನಿಯ ಕಡೆಗೆ ಇಳಿಯುತ್ತಾ ಹೋಗುವ ದಿಣ್ಣೆ, ನಡುವೆ ‘ವಯಲು’ ಎನ್ನುವ ಗದ್ದೆ ಬಯಲು. ಅಲ್ಲಿನ ರಸ್ತೆ ಕೈಪಿಡಿಗೆ ತಪ್ಪದೆ ಕಟ್ಟಿದ್ದರೂ 40, 50ಕ್ಕೆಂದೇ ಕಟ್ಟಿದ್ದು. ಅದಕ್ಕೆ ಕಾನೂನು ಕೊಟ್ಟ ಸಲುಗೆ 70.

ಈ ಅಂತರ ಬರೀ ಕಾಗದದ್ದಲ್ಲ. ಒಂದು ತಿರುವನ್ನು ಜಾರದೆ ದಾಟಬೇಕಾದರೆ ಅದರ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕ ಹಾಗೆ ಹಿಗ್ಗಬೇಕು. ರಸ್ತೆಯ ಹೊರ ಅಂಚನ್ನು ನೂರಕ್ಕೆ ಏಳರಷ್ಟು ಎತ್ತರಿಸಿ ಕಟ್ಟಿದರೆ 40ರ ವೇಗಕ್ಕೆ ಸುಮಾರು 57 ಮೀಟರ್ ತ್ರಿಜ್ಯದ ತಿರುವು ಸಾಕು. 70ಕ್ಕೆ ಸುಮಾರು 175 ಮೀಟರ್ ಬೇಕು. ಮೂರು ಪಟ್ಟು. ಇನ್ನು ಕಣ್ಣಳತೆ. ಎದುರಿಗೆ ಏನೋ ಕಂಡು, ಬ್ರೇಕು ತುಳಿದು, ಗಾಡಿ ನಿಲ್ಲಲು 30ರಲ್ಲಿ ಹೋಗುವವನಿಗೆ ಸುಮಾರು 30 ಮೀಟರ್ ಬೇಕು, 50ರವನಿಗೆ 60, 70ರವನಿಗೆ ಸುಮಾರು 100. ಬತ್ತೇರಿಯಿಂದ ಚೆದಲಯಂ, ಇರುಳಂ ದಾಟಿ ಪುಲ್ಪಳ್ಳಿಗೆ ಬರುವ ರಸ್ತೆಗೆ ಕಾಡು ಎರಡೂ ಕಡೆ ಒತ್ತಿಕೊಂಡಿದೆ. ತಿರುವಿನಾಚೆ ನೂರು ಮೀಟರ್ ಕಾಣುವ ಜಾಗ ಹುಡುಕಬೇಕು. ಆಚೆ ನಿಂತಿರುವುದು ಜಿಂಕೆಯೋ ಆನೆಯೋ ಶಾಲೆ ಬಿಟ್ಟು ಬರುತ್ತಿರುವ ಮಕ್ಕಳೋ ತಿಳಿಯುವಷ್ಟರಲ್ಲಿ 70ರ ಗಾಡಿ ಅವರನ್ನು ದಾಟಿರುತ್ತದೆ. ದಾಟಿರುತ್ತದೆ ಎನ್ನುವುದು ಮೃದು ಮಾತು.

ಅಷ್ಟು ಅವಸರಪಟ್ಟು ಉಳಿಸುವುದಾದರೂ ಎಷ್ಟು? ಇಪ್ಪತ್ತು ಕಿಲೋಮೀಟರನ್ನು ಒಂದೇ ಸಮ 70ರಲ್ಲಿ ಓಡಿಸಿದರೆ 17 ನಿಮಿಷ, 50ರಲ್ಲಾದರೆ 24. ಏಳು ನಿಮಿಷದ ಲಾಭಕ್ಕೆ ಢಿಕ್ಕಿಯ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು.

ತಮಾಷೆಯೆಂದರೆ, ಹೆಸರು ದೊಡ್ಡದಾದಷ್ಟೂ ಈ ಅಸಂಬದ್ಧವೂ ದೊಡ್ಡದಾಗುತ್ತದೆ. ವಯನಾಡನ್ನು ಹಾದು ಹೋಗುವ ದೊಡ್ಡ ದಾರಿ ಕೋಯಿಕ್ಕೋಡು–ಕೊಳ್ಳೇಗಾಲ ರಾಷ್ಟ್ರೀಯ ಹೆದ್ದಾರಿ 766. ಹಳಬರ ಬಾಯಲ್ಲಿ ಇನ್ನೂ 212. ಎರಡು ಪಥದ ರಾಷ್ಟ್ರೀಯ ಹೆದ್ದಾರಿ, ಅಂದರೆ ದರ್ಜೆಯೊಂದನ್ನೇ ನೋಡಿದರೆ ಕಾರಿಗೆ 90. ಅದೇ ಹೆದ್ದಾರಿ ತಾಮರಶ್ಶೇರಿ ಚುರದಲ್ಲಿ, ಅಂದರೆ ಘಾಟಿಯಲ್ಲಿ, ಒಂಬತ್ತು ಹೇರ್‌ಪಿನ್ ತಿರುವು ಇಳಿಯುತ್ತದೆ. ಬೆಟ್ಟದ ರಸ್ತೆಯ ಹೇರ್‌ಪಿನ್ ತಿರುವಿಗೆ ಎಂಜಿನಿಯರುಗಳು ಇಟ್ಟುಕೊಂಡ ವಿನ್ಯಾಸ ವೇಗ 20. ಲಾರಿಯವರು ಅಲ್ಲಿ ಅದಕ್ಕಿಂತಲೂ ನಿಧಾನ. ಬತ್ತೇರಿ ದಾಟಿ ಮುತ್ತಂಗ, ಬಂಡೀಪುರದ ಕಾಡಿಗೆ ಬಂದರೆ ಹೆದ್ದಾರಿಯ ಮೈಮೇಲೆ ಸಾಲು ಸಾಲು ಹಂಪು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ಆಂಬುಲೆನ್ಸಿನಂಥ ತುರ್ತು ವಾಹನ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳ ಹೊರತು, ಅಲ್ಲಿ ವೇಗಮಿತಿ ಸೊನ್ನೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆ ನಿರ್ಬಂಧವನ್ನು ವಾರದೊಳಗೆ ಹಿಂತೆಗೆದುಕೊಂಡು, ಮತ್ತೆ ಹೈಕೋರ್ಟು ಎತ್ತಿಹಿಡಿದ ಕಥೆ ಗುಂಡ್ಲುಪೇಟೆಯ ಹೋಟೆಲುಗಳಲ್ಲಿ ಈಗಲೂ ಟೀ ಜೊತೆ ಬರುತ್ತದೆ. ಒಂದೇ ಸಂಖ್ಯೆಯ, ಒಂದೇ ದರ್ಜೆಯ ರಸ್ತೆ: ಎಲ್ಲೋ 90, ಎಲ್ಲೋ 20, ಎಲ್ಲೋ ಸೊನ್ನೆ. ದರ್ಜೆ ಬದಲಾಗಲಿಲ್ಲ, ನೆಲ ಬದಲಾಯಿತು, ಆ ನೆಲದ ಮೇಲೆ ಓಡಾಡುವ ಜೀವ ಬದಲಾಯಿತು.

ದರ್ಜೆ ನಿಜವಾಗಿಯೂ ಬದಲಾಗುವುದು ಹೇಗೆಂದು ನೋಡಬೇಕಾದರೆ ಮೈಸೂರಿನ ಆಚೆ ಹೋಗಬೇಕು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ. ಸಾವುಗಳು ಒಂದರ ಮೇಲೊಂದು ಬಿದ್ದ ಮೇಲೆ ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ನಡುವಿನ ಆರು ಪಥಗಳಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಬೈಕಿನವರಿಗೆ ಸಿಟ್ಟು ಬಂದದ್ದು ಸಹಜ. ರಸ್ತೆ ಅವರದೂ ಹೌದು. ಆದರೆ 100 ಎಂಬ ಅಂಕಿಗೆ ಅರ್ಥ ಬಂದದ್ದು ಆಮೇಲೆ. ಎತ್ತಿನಗಾಡಿಯೂ ಬೈಕೂ ಜೊತೆಯಲ್ಲಿರುವ ಹಾದಿಗೆ 100 ಬರೆಯುವುದು ಬೋರ್ಡಿನವನ ಧೈರ್ಯವಷ್ಟೆ.

ಸ್ವೀಡನ್ನಿನವರು 1997ರಲ್ಲಿ ಪಾರ್ಲಿಮೆಂಟಿನಲ್ಲೇ ಒಪ್ಪಿದ ‘ವಿಷನ್ ಜೀರೊ’ ಎಂಬ, ರಸ್ತೆ ಸಾವನ್ನು ಸೊನ್ನೆಗೆ ಇಳಿಸುವ ನೀತಿಯ ಹಿಂದಿರುವ ಲೆಕ್ಕ ರಸ್ತೆಯ ಒಡೆಯ ಯಾರೆಂದು ಕೇಳುವುದೇ ಇಲ್ಲ. ಇಲ್ಲಿ ಯಾರಿಗೆ ಯಾರು ಗುದ್ದಬಹುದು ಎಂದು ಕೇಳುತ್ತದೆ. ನಡೆಯುವವರೂ ಗಾಡಿಯೂ ಬೆರೆಯುವ ಕಡೆ 30. ಅಡ್ಡದಿಂದ ಬಂದು ಗುದ್ದುವ ಕೂಡುರಸ್ತೆಗಳಲ್ಲಿ 50. ಮುಖಾಮುಖಿ ಢಿಕ್ಕಿ ಸಾಧ್ಯವಿರುವ ರಸ್ತೆಯಲ್ಲಿ 70. ನಡುವೆ ತಡೆಗೋಡೆ ಇದ್ದರೆ ಮಾತ್ರ ಅದರಾಚೆಗೆ. ಇದನ್ನು ಪುಲ್ಪಳ್ಳಿಗೆ ತಂದು ಹಾಸಿ ನೋಡಿ. ಬಸ್ ಸ್ಟ್ಯಾಂಡಿನ ಮುಂದೆ, ಭಾನುವಾರ ಪೂಜೆ ಮುಗಿಸಿ ಹೊರಬರುವ ಚರ್ಚಿನ ಮುಂದೆ, ಸೀತಾ–ಲವಕುಶ ದೇವಸ್ಥಾನದ ಜಾತ್ರೆಯ ದಿನಗಳಲ್ಲಿ ಇಡೀ ಪೇಟೆಗೆ 30. ತೋಟದಿಂದ ಜೀಪು ಧುತ್ತೆಂದು ಹೊರಬೀಳುವ ಅಡ್ಡದಾರಿಗಳ ಬಳಿ 50. ಪೂರ್ತಿ 70 ಓಡಿಸಬಹುದಾದ ಜಾಗ ನನಗೆ ಸಿಗಲಿಲ್ಲ.

ಇದಕ್ಕೆ ಹೊಸ ಕಾನೂನೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ, ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ವರೂಪ ನೋಡಿ ನಿರ್ದಿಷ್ಟ ಜಾಗಕ್ಕೆ ಕಡಿಮೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಬೇಕಾದದ್ದು ಕಂಬ, ಬೋರ್ಡು, ಮತ್ತೆ ಆ ರಸ್ತೆಯಲ್ಲಿ ಒಮ್ಮೆ ನಡೆದು ನೋಡುವ ವ್ಯವಧಾನ. ಪಟ್ಟಿ ಬದಲಿಸುವ ಮುಂಚೆ, 2023ರ ಜೂನ್ 5ರಿಂದ, ಕೇರಳ ತನ್ನ ‘ಎಐ ಕ್ಯಾಮೆರಾ’ಗಳಿಂದ ದಂಡ ಹಾಕಲು ತೊಡಗಿತಲ್ಲ, ಆ 726 ಕ್ಯಾಮೆರಾಗಳಲ್ಲಿ ವೇಗ ಅಳೆಯಲೆಂದೇ ಇಟ್ಟಿದ್ದು ಎಂಟು. ಉಳಿದವು ಬಹುಪಾಲು ಹೆಲ್ಮೆಟ್ಟು, ಸೀಟ್‌ಬೆಲ್ಟಿನ ಕಾವಲಿಗೆ. ತಪ್ಪಲ್ಲ, ಆದರೆ ಯಾವುದನ್ನು ಅಳೆಯುತ್ತೇವೋ ಜನ ಅದಕ್ಕೇ ಹೆದರುತ್ತಾರೆ.

ಬೋರ್ಡೂ ಕ್ಯಾಮೆರಾವೂ ಇಲ್ಲದ ಕಡೆ ಊರಿನವರೇ ಮಾಡಿಕೊಂಡ ವೇಗಮಿತಿಯ ಹೆಸರು ಹಂಪು. ಅದಕ್ಕೂ ಐಆರ್‌ಸಿಯ ಅಳತೆ ಇದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 25ರ ವೇಗದಲ್ಲಿ ಸಲೀಸಾಗಿ ದಾಟುವಂತೆ. ನಮ್ಮೂರುಗಳಲ್ಲಿ ಅಪಘಾತವಾದ ಮರುದಿನ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪು ಅಗಲದಲ್ಲಿ ಗೇಣು, ಎತ್ತರದಲ್ಲಿ ಮೊಳ. ಅದನ್ನು ಬೈದುಕೊಂಡೇ ದಾಟುತ್ತೇವೆ, ಆದರೆ ನಿಧಾನವಾಗಿ ದಾಟುತ್ತೇವೆ. ಸರ್ಕಾರ 70 ಎಂದಲ್ಲಿ ಹಳ್ಳಿ 10 ಎಂದು ತಿದ್ದಿ ಬರೆದ ಅಕ್ಷರ ಅದು; ಬರವಣಿಗೆ ಕೆಟ್ಟದಾಗಿದೆ ಎಂಬುದೊಂದೇ ದೂರು.

ಪೆರಿಕ್ಕಲ್ಲೂರಿನಲ್ಲಿ ರಸ್ತೆ ಕಬಿನಿಯ ದಂಡೆಗೆ ಬಂದು ಮುಗಿಯುತ್ತದೆ. ಆಚೆ ದಡ ಕರ್ನಾಟಕದ ಬೈರಕುಪ್ಪೆ. ಎರಡರ ನಡುವೆ ಸೇತುವೆಗೆ 1994ರಲ್ಲೇ ಶಂಕುಸ್ಥಾಪನೆಯಾಗಿದೆ, ಸೇತುವೆ ಇಲ್ಲ. ಅಲ್ಲಿಯವರು ಆಸ್ಪತ್ರೆಗೆ, ಸಂತೆಗೆ ತೋಣಿಯಲ್ಲಿ ದಾಟಿ ಪುಲ್ಪಳ್ಳಿಗೆ ಬರುತ್ತಾರೆ. ಇದು ದರ್ಜೆಯೇ ಇಲ್ಲದ ದಾರಿ. ಹುಟ್ಟು ಹಾಕುವವನ ತೋಳು, ಹೊಳೆಯ ನೀರು, ಇವೆರಡೇ ಅದರ ಮಿತಿ.

ಆಚೆ ದಡದಲ್ಲಿ ಸಿಕ್ಕಿದ ಗಾಡಿ ಬಾವಲಿಯತ್ತ ಹೊರಟಾಗ ನಾಲ್ಕೂವರೆ. ಸ್ವಲ್ಪ ಹೊತ್ತು ಮಾತಾಡುತ್ತಾ ಹಾಯಾಗಿ ಓಡಿಸುತ್ತಿದ್ದ ಹುಡುಗ ಗಡಿಯಾರ ನೋಡಿದ್ದೇ ಆಕ್ಸಿಲರೇಟರ್ ಒತ್ತಿದ. ಸಂಜೆ 6ಕ್ಕೆ ನಾಗರಹೊಳೆಯ ಗೇಟು ಬೀಳುತ್ತದೆ. ಬಿದ್ದರೆ ಗೋಣಿಕೊಪ್ಪ ಸುತ್ತಿಕೊಂಡು ಮೈಸೂರು ಸೇರಬೇಕು. ಕಾಡಿನ ರಾತ್ರಿಗೆ ನೆಮ್ಮದಿ ಕೊಡಲು ಹಾಕಿದ ಗೇಟು, ಆನೆಗಳು ನೀರಿಗಿಳಿಯುವ ಹೊತ್ತಿನ ಆ ಕೊನೆಯ ಒಂದು ಗಂಟೆಯಲ್ಲಿ ಪ್ರತಿ ಗಾಡಿಯನ್ನೂ ಓಡಿಸುತ್ತದೆ. ಹಂಪಿನಿಂದ ಹಂಪಿಗೆ ಹಾರುತ್ತಾ ಹೋದೆವು. ‘ನಿಧಾನಕ್ಕೆ ಹೋಗಪ್ಪ’ ಎಂದೆ. ‘ನಿಧಾನಕ್ಕೆ ಹೋದ್ರೆ ಗೋಣಿಕೊಪ್ಪ ಡೀಸೆಲ್ ನೀವು ಹಾಕಿಸ್ತೀರಾ ಅಣ್ಣ?’ ಎಂದು ಕೇಳಿದ. ನಾನು ಸುಮ್ಮನಾದೆ, ಗೇಟು ದಾಟಿದಾಗ ಐದೂ ಐವತ್ತೆರಡು.