ನಾಣೇಘಾಟ್ ದಾರಿಯಲ್ಲಿ ಮೂರು ರಾತ್ರಿ

ಕಲ್ಯಾಣದಿಂದ ಆಚೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಎರಡೇ ದಿಕ್ಕು. ಒಂದು ಕರ್ಜತ್ ಲೈನು, ಇನ್ನೊಂದು ಕಸಾರಾ ಲೈನು. ಇವೆರಡರ ನಡುವೆ ಲೋಕಲ್ ರೈಲು ಹೋಗದ ಮೂರನೆಯ ದಿಕ್ಕೊಂದಿದೆ. ಅದು ಮುರ್ಬಾಡ್ ಕಡೆಯದು. ಕಲ್ಯಾಣದಲ್ಲಿ ಎಸ್‌ಟಿ ಬಸ್ಸು ಹತ್ತಿ ಮುರ್ಬಾಡ್ ದಾಟಿದರೆ ಸಹ್ಯಾದ್ರಿಯ ಬುಡ ಸಿಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಇದೇ ಹೆದ್ದಾರಿ. ಕಲ್ಯಾಣ ಮತ್ತು ಸೋಪಾರಾ ಬಂದರುಗಳಲ್ಲಿ ಇಳಿದ ಸರಕು ನಾಣೇಘಾಟ್ ಹತ್ತಿ ಜುನ್ನರಕ್ಕೆ, ಅಲ್ಲಿಂದ ಪೈಠಣಕ್ಕೆ ಹೋಗುತ್ತಿತ್ತು. ಸಂಕ್ರಾಂತಿಯ ರಜೆಗೆ ಇನ್ನೆರಡು ದಿನ ಸೇರಿಸಿ, ಬೆನ್ನಿಗೊಂದು ಟೆಂಟು ಕಟ್ಟಿಕೊಂಡು ಆ ದಾರಿಯಲ್ಲಿ ಒಬ್ಬನೇ ಹೋಗಿಬಂದೆ.

ಒಬ್ಬನೇ ಏಕೆ ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರು. ಗುಂಪಿನ ಟ್ರೆಕ್ಕುಗಳಿಗೆ ಹಲವು ಸಲ ಹೋಗಿದ್ದೇನೆ. ಬಸ್ಸು, ಪೋಹೆ, ಚಹಾ, ದಾರಿ ತೋರಿಸುವವರು ಎಲ್ಲವೂ ಮೊದಲೇ ನಿಗದಿಯಾಗಿರುತ್ತದೆ. ಊರಿನವರ ಜೊತೆ ಒಂದು ಮಾತೂ ಆಡದೆ ವಾಪಸ್ಸು ಬರಬಹುದು. ಅಂಬರನಾಥದ ನಮ್ಮ ಬಿಲ್ಡಿಂಗಿನಲ್ಲೂ ಅದೇ ಕಥೆ. ಐದು ವರ್ಷದಲ್ಲಿ ಯಾರೂ ನನ್ನನ್ನು ಯಾವ ಊರಿನವನು ಎಂದು ಕೇಳಿಲ್ಲ, ನಾನೂ ಯಾರನ್ನೂ ಕೇಳಿಲ್ಲ.

ಒಬ್ಬನೇ ಹೊರಟವನಿಗೆ ಆ ಸವಲತ್ತಿಲ್ಲ. ಮನಸ್ಸಿಗೆ ಬಂದಲ್ಲಿ ಟೆಂಟು ಹಾಕುವಂತಿಲ್ಲ. ಒಂದೋ ಅದು ಯಾರದಾದರೂ ಹೊಲ, ಇಲ್ಲವೇ ಊರಿನ ಗೋಮಾಳ, ಅದೂ ಅಲ್ಲದಿದ್ದರೆ ಅರಣ್ಯ ಇಲಾಖೆಯ ಜಾಗ. ಸಂಜೆ ನಾಲ್ಕರ ಹೊತ್ತಿಗೆ ಯಾರನ್ನಾದರೂ ಕೇಳಲೇಬೇಕು. ನಾವು ಕೇಳುವ ಮೊದಲೇ ಅವರು ಕೇಳುತ್ತಾರೆ: "ಕುಠಲೇ ತುಮ್ಹಿ?"

ಘಾಟಿನ ಬುಡದ ವೈಶಾಖರೆಯಲ್ಲಿ ಕಿರಾಣಿ ಅಂಗಡಿಯವರು ಹೀಗೆ ಕೇಳಿದಾಗ ಅಂಬರನಾಥ ಎಂದೆ. "ತೇ ನಾಹೀ. ಗಾವ್ ಕುಠಲಂ?" ಎಂದರು. ಅವರಿಗೆ ಬೇಕಿದ್ದುದು ಬಾಡಿಗೆ ಮನೆಯ ವಿಳಾಸ ಅಲ್ಲ, ಹುಟ್ಟಿದ ಊರು. ಕಲಬುರಗಿ ಎಂದೆ. ಗೊತ್ತಾಗಲಿಲ್ಲ. ಗುಲ್ಬರ್ಗಾ ಎಂದೆ. ಅದೂ ಅಷ್ಟಕ್ಕಷ್ಟೆ. "ಗಾಣಗಾಪುರದ ಹತ್ತಿರ" ಎಂದ ಕೂಡಲೇ ಮುಖ ಅರಳಿತು. "ದತ್ತ ಮಹಾರಾಜರ ಗಾಣಗಾಪೂರ್? ನಮ್ಮ ಆಯಿ ಎರಡು ಸಲ ಹೋಗಿಬಂದಿದ್ದಾಳೆ!" ಮೊದಲ ರಾತ್ರಿಯ ಟೆಂಟು ಅವರ ಹಿತ್ತಿಲಲ್ಲಿ ಬಿತ್ತು. ಅಕ್ಕಿಯ ಭಾಕರಿಯ ಜೊತೆ ಅಂಗೈಗೆ ತಿಳಗುಳವೂ ಬಂತು.

ಮರುದಿನ ಬೆಳಿಗ್ಗೆ ಘಾಟ್ ಹತ್ತಿದೆ. ಮೊದಲು ಕಾಡಿನ ಕಾಲುದಾರಿ, ಮೇಲೆ ಹೋದಂತೆ ಕಲ್ಲಿನ ಮೆಟ್ಟಿಲು. ತುದಿಗೆ ಸ್ವಲ್ಪ ಮೊದಲು ಬಂಡೆಯಲ್ಲಿ ಕೊರೆದ ಗವಿಯಿದೆ. ಅದರ ಗೋಡೆಯ ಮೇಲೆ ಶಾತವಾಹನರ ರಾಣಿ ನಾಗನಿಕೆ ಮಾಡಿಸಿದ ಯಜ್ಞಗಳು ಮತ್ತು ಕೊಟ್ಟ ದಾನಗಳ ಪಟ್ಟಿಯಿದೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಎಷ್ಟು ಹಸು, ಎಷ್ಟು ಕುದುರೆ, ಎಷ್ಟು ಕಾರ್ಷಾಪಣ ಎಂದು ಅಂಕಿಗಳಲ್ಲೇ ಬರೆದಿದ್ದಾರೆ. ಹತ್ತಕ್ಕೆ, ನೂರಕ್ಕೆ, ಸಾವಿರಕ್ಕೆ ಬೇರೆಬೇರೆ ಚಿಹ್ನೆ, ಸೊನ್ನೆ ಇಲ್ಲ. ದಿನವಿಡೀ ಸೊನ್ನೆ ಮತ್ತು ಒಂದರ ಜೊತೆ ಕೆಲಸ ಮಾಡುವ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ. ಘಾಟಿನ ನೆತ್ತಿಯಲ್ಲಿ ದೊಡ್ಡದೊಂದು ಕಲ್ಲಿನ ಹರವಿ ಇದೆ. ವ್ಯಾಪಾರಿಗಳು ಅದರಲ್ಲಿ ಸುಂಕದ ಹಣ ಹಾಕುತ್ತಿದ್ದರು ಎನ್ನುತ್ತಾರೆ. ನಾಣೇ ಎಂದರೆ ನಮ್ಮ ನಾಣ್ಯವೇ.

ಗವಿಯ ಹಿಂದಿನ ಗೋಡೆಯಲ್ಲಿ ಒಂದು ಕಾಲಕ್ಕೆ ರಾಜಮನೆತನದವರ ವಿಗ್ರಹಗಳಿದ್ದವು. ಈಗ ಅವು ಒಡೆದುಹೋಗಿವೆ, ಮೇಲಿನ ಹೆಸರುಗಳಷ್ಟೇ ಉಳಿದಿವೆ. ಅದರಲ್ಲೊಂದು ಶಾತವಾಹನ ಮನೆತನದ ಸಿಮುಕನದು. ಅದೇ ಸಿಮುಕ ನಮ್ಮ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲೂ ಇದ್ದಾನೆ. ಸನ್ನತಿಯ ಪಕ್ಕದಲ್ಲಿ, ಭೀಮಾ ನದಿಯ ದಂಡೆಯ ಆ ಸ್ತೂಪದ ಶಿಲ್ಪದಲ್ಲಿ ಹೆಸರಿನ ಜೊತೆ ಅವನ ರೂಪವೂ ಉಳಿದಿದೆ.

ಸಂಬಂಧ ಅಷ್ಟಕ್ಕೇ ಮುಗಿಯುವುದಿಲ್ಲ. ಘಾಟಿನ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕೆಳಗೆ ಮುರ್ಬಾಡಿನ ಬಯಲು. ಆ ಕಡೆ ಬಿದ್ದ ಮಳೆ ಉಲ್ಹಾಸ್ ನದಿ ಸೇರಿ ಕಲ್ಯಾಣದ ಮೇಲೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆನ್ನ ಹಿಂದೆ ಬಿದ್ದ ಮಳೆ ಕುಕಡಿ ನದಿಗೆ. ಕುಕಡಿ ಘೋಡ್ ನದಿಗೆ, ಘೋಡ್ ಭೀಮೆಗೆ. ಆ ಭೀಮೆಯೇ ಪಂಢರಪುರ ದಾಟಿ, ಗಾಣಗಾಪುರದಲ್ಲಿ ಅಮರಜಾ ನದಿಯನ್ನು ಕೂಡಿ, ಸನ್ನತಿಯ ಮುಂದೆ ಹರಿದು ಕೃಷ್ಣೆಗೆ ಸೇರುವುದು. ನಾನು ಈಗ ಇರುವ ಊರಿನ ಸೀಮೆಯ ನೀರು ಒಂದು ಕಡೆಗೆ, ಹುಟ್ಟಿದ ಊರಿನ ನೀರು ಇನ್ನೊಂದು ಕಡೆಗೆ ಇಳಿಯುವ ಏಣು ಇದು. ವರ್ಷಕ್ಕೊಂದೆರಡು ಸಲ ರಾತ್ರಿ ರೈಲಿನಲ್ಲಿ ನಿದ್ದೆ ಮಾಡುತ್ತಾ ಈ ಸಾಲುಬೆಟ್ಟ ದಾಟುತ್ತೇನೆ. ನಡೆದು ದಾಟಿದ್ದು ಇದೇ ಮೊದಲು.

ಎರಡನೇ ರಾತ್ರಿ ಮೇಲಿನ ಘಾಟ್‌ಘರ್ ಊರಿನಲ್ಲಿ. ಒಂದು ಮನೆಯಲ್ಲಿ ದುಡ್ಡು ಕೊಟ್ಟು ಊಟ ಮಾಡಿ, ಅವರ ಗದ್ದೆಯಲ್ಲೇ ಟೆಂಟು ಹಾಕಿದೆ. ಗಾಳಿ ಬೆಳಗಿನವರೆಗೆ ಬಟ್ಟೆಯನ್ನು ಬಡಿಯುತ್ತಲೇ ಇತ್ತು.

ಮೂರನೇ ದಿನ ಬಸ್ಸಿನಲ್ಲಿ ಜುನ್ನರ. ಎದುರಿಗೇ ಶಿವಾಜಿ ಹುಟ್ಟಿದ ಶಿವನೇರಿ ಕೋಟೆ. ಅದನ್ನು ನೋಡಿ ಸಂಜೆಗೆ ಓತೂರು ಮುಟ್ಟಿದೆ. ಊರ ಹೊರಗೆ ಕಬ್ಬಿನ ಹೊಲದ ಪಕ್ಕ ವಯಸ್ಸಾದ ದಂಪತಿಯನ್ನು ಜಾಗ ಕೇಳಿದೆ. ಅಜ್ಜ ಟೆಂಟನ್ನು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಕಬ್ಬಿನೊಳಗೆ ಬಿಬಟ್ಯಾ ಇದೆ, ಹೊರಗೆ ಮಲಗುವುದು ಬೇಡ ಎಂದರು. ಬಿಬಟ್ಯಾ ಎಂದರೆ ಚಿರತೆ. ಅಣೆಕಟ್ಟುಗಳು ಬಂದು ಜುನ್ನರ ತಾಲ್ಲೂಕಿನಲ್ಲಿ ಕಬ್ಬು ಹೆಚ್ಚಿದ ಮೇಲೆ ಚಿರತೆಗಳು ಹೊಲದಲ್ಲೇ ಮರಿ ಹಾಕಿ ಬೆಳೆಯುತ್ತಿವೆ. ಹಿಡಿದ ಚಿರತೆಗಳಿಗಾಗಿ ಮಾಣಿಕಡೋಹದಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಇಲ್ಲಿ ಮಕ್ಕಳನ್ನೂ ದೊಡ್ಡವರನ್ನೂ ಕಳೆದುಕೊಂಡ ಮನೆಗಳಿವೆ. ನನಗೆ ಮೂರು ರಾತ್ರಿಯ ಶೋಕಿ. ಅವರು ದಿನಾ ಕತ್ತಲಲ್ಲಿ ಎದ್ದು ನೀರು ಹಾಯಿಸಲು ಹೋಗಬೇಕು. ಆ ರಾತ್ರಿ ಟೆಂಟು ಚೀಲದಲ್ಲೇ ಉಳಿಯಿತು. ನಾನು ಅವರ ಒಳಮನೆಯಲ್ಲಿ ಮಲಗಿದೆ.

ಊಟಕ್ಕೆ ಸಜ್ಜೆಯ ಭಾಕರಿ, ಪಿಠಲೆ. ನಮ್ಮ ಮನೆಯ ಸಜ್ಜಿ ರೊಟ್ಟಿ, ಜುಣಕದ ರುಚಿಯೇ. ಬೆಳಿಗ್ಗೆ ಹೊರಡುವಾಗ ದುಡ್ಡು ಕೊಡಲು ಹೋದರೆ ಅಜ್ಜಿ ತೆಗೆದುಕೊಳ್ಳಲಿಲ್ಲ. ಬದಲಿಗೆ ಇಪ್ಪತ್ತೊಂದು ರೂಪಾಯಿ ನನ್ನ ಕೈಗೇ ಇಟ್ಟರು. "ಬಾಳಾ, ಗಾಣಗಾಪುರಕ್ಕೆ ಹೋದಾಗ ದತ್ತ ಮಹಾರಾಜರಿಗೆ ನಮ್ಮ ಹೆಸರಿನಲ್ಲಿ ಹಾಕು. ಮಂಡಿ ನೋವು, ನಮ್ಮಿಂದ ಇನ್ನು ಆಗುವುದಿಲ್ಲ" ಎಂದರು. ಓತೂರಿನಿಂದ ಮಾಳಶೇಜ್ ಘಾಟ್ ಇಳಿಯುವ ಬಸ್ಸಿನಲ್ಲಿ ಮಧ್ಯಾಹ್ನಕ್ಕೆ ಕಲ್ಯಾಣ ತಲುಪಿದೆ.

ಹೋಗಬೇಕೆನ್ನುವವರಿಗೆ ಎರಡು ಮಾತು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಒಬ್ಬರೇ ಈ ಘಾಟ್ ಹತ್ತಬೇಡಿ. ಬೆಳಕಿರುವಾಗಲೇ ಊರು ಮುಟ್ಟಿ, ಕೇಳಿಯೇ ಜಾಗ ಹಿಡಿಯಿರಿ. ಚಿರತೆಯ ಮಾತು ಬಂದರೆ ವಾದ ಮಾಡದೆ ಒಳಗೆ ಮಲಗಿ. ನಿಮ್ಮ ಊರಿಗೆ ಅಲ್ಲಿನವರು ಗುರುತಿಸುವ ಹೆಸರು ಯಾವುದೆಂದು ಯೋಚಿಸಿಟ್ಟುಕೊಳ್ಳಿ. ರಾಯಬಾಗದವರು ಚಿಂಚಲಿ ಮಾಯಕ್ಕ ಎನ್ನಬಹುದು, ಸವದತ್ತಿಯವರು ಯಲ್ಲಮ್ಮ ಎನ್ನಬಹುದು.

ಯುಗಾದಿಗೆ ಊರಿಗೆ ಟಿಕೆಟ್ ತೆಗೆಸಿದ್ದೇನೆ. ಕಲಬುರಗಿಯಲ್ಲೇ ಹುಟ್ಟಿ ಬೆಳೆದರೂ ಗಾಣಗಾಪುರಕ್ಕೆ ಹೋಗಿ ಎಷ್ಟೋ ವರ್ಷವಾಯಿತು. ಈ ಸಲ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಓತೂರಿನ ಆ ಹಣ ಬೇರೆ ಲಕೋಟೆಯಲ್ಲಿದೆ.